ಫ್ಯಾನ್ ಬಿಚ್ಚಿ ಓಡ್ಸಿದ್ರಾ? ನೋದಕವಿಲ್ಲದ ಎಂಜಿನ್ ಕಲಿಸಿದ ಪಾಠ

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಡ್ರೋನ್ ಮೋಟರಿನ ನೂಕುಬಲ ಅಳೆಯೋ ಒಂದು ಸ್ಟ್ಯಾಂಡ್ ಮಾಡಿದ್ವಿ. ಒಂದು ಲೋಡ್ ಸೆಲ್, ಎರಡು ಅಲ್ಯೂಮಿನಿಯಂ ಆ್ಯಂಗಲ್, ಒಂದು ಮೋಟರ್, ಅದರ ತಲೆ ಮೇಲೆ ಪ್ಲಾಸ್ಟಿಕ್ ಫ್ಯಾನ್. ಥ್ರಾಟಲ್ ಏರಿಸಿದ ಹಾಗೆ ರೀಡಿಂಗ್ ಏರ್ತಿತ್ತು. ಗ್ರಾಫ್ ಎಷ್ಟು ಚೆನ್ನಾಗಿ ಬಂತು ಅಂದ್ರೆ ಬಿಂದುಗಳೆಲ್ಲ ಗೆರೆ ಮೇಲೇ ಕೂತಿದ್ವು. ಪೋಸ್ಟರ್ ಕೂಡ ಪ್ರಿಂಟ್ ಹಾಕ್ಸಿ ಆಯ್ತು.

ಸಬ್ಮಿಷನ್‌ಗೆ ಎರಡು ದಿನ ಇರುವಾಗ ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ಬಂದು ಸ್ಟ್ಯಾಂಡ್ ಸುತ್ತ ಒಂದು ಸುತ್ತು ಹಾಕಿ ಕೇಳಿದ್ದು ಒಂದೇ ಪ್ರಶ್ನೆ: "ಫ್ಯಾನ್ ಬಿಚ್ಚಿ ಓಡ್ಸಿ ನೋಡಿದ್ರೇನ್ರಪ್ಪಾ?"

ನೋಡಿರ್ಲಿಲ್ಲ. ಫ್ಯಾನ್ ಬಿಚ್ಚಿ ಬರೀ ಮೋಟರ್ ಓಡಿಸಿದ್ವಿ. ಸ್ಕ್ರೀನ್ ಮೇಲೆ ಹನ್ನೊಂದು ಗ್ರಾಂ! ಗಾಳಿಯನ್ನೇ ತಳ್ಳದ ಮೋಟರು ಹನ್ನೊಂದು ಗ್ರಾಂ ನೂಕುಬಲ ತೋರಿಸ್ತಿದೆ. ಒಬ್ಬ ತಮಾಷೆಗೆ "ಪೇಟೆಂಟ್ ಹಾಕ್ಸೋಣ ಕಣ್ರೋ" ಅಂದ. ಆಮೇಲೆ ಯಾರೂ ನಗ್ಲಿಲ್ಲ, ಯಾಕಂದ್ರೆ ಪೋಸ್ಟರ್ ಮೇಲಿದ್ದ ಸಂಖ್ಯೆ ತಪ್ಪು ಅಂತ ನಾಲ್ಕೂ ಜನಕ್ಕೆ ಗೊತ್ತಾಗಿತ್ತು.

ನಮ್ಮ ಕಥೆ ಹೇಗೆ ಮುಗೀತು ಅಂತ ಕೊನೆಗೆ ಹೇಳ್ತೀವಿ. ಅದಕ್ಕೂ ಮೊದಲು ಇದೇ ಪ್ರಶ್ನೆಗೆ ಉತ್ತರ ಹುಡುಕೋಕೆ ಇಂಗ್ಲೆಂಡ್, ಚೀನಾ, ಅಮೆರಿಕ, ಜರ್ಮನಿಗಳ ಪ್ರಯೋಗಾಲಯಗಳು ಸುಮಾರು ಇಪ್ಪತ್ತು ವರ್ಷ ತಗೊಂಡ ಒಂದು ಎಂಜಿನ್ ಬಗ್ಗೆ ಓದೋಣ. ಅದರ ಹೆಸರು ಎಮ್‌ಡ್ರೈವ್.

ಮೊದಲು, ನೋದಕ ಯಾಕೆ ಬೇಕು?

ತೆಪ್ಪದಿಂದ ದಡಕ್ಕೆ ಹಾರಿದವರಿಗೆ ಇದು ಗೊತ್ತಿರುತ್ತೆ: ನಾವು ಮುಂದೆ ಹಾರಿದ್ರೆ ತೆಪ್ಪ ಹಿಂದಕ್ಕೆ ಸರಿಯುತ್ತೆ. ನಮಗೆ ಬಂದಷ್ಟೇ ಸಂವೇಗ ಅದಕ್ಕೆ ಎದುರು ದಿಕ್ಕಿನಲ್ಲಿ ಸಿಗುತ್ತೆ, ಎರಡನ್ನೂ ಕೂಡಿದ್ರೆ ಸೊನ್ನೆ. ಇದೇ ಸಂವೇಗ ಸಂರಕ್ಷಣಾ ನಿಯಮ. ರಸ್ತೆಯಲ್ಲಿ ಗಾಡಿ ನೆಲವನ್ನು ಹಿಂದಕ್ಕೆ ತಳ್ಳುತ್ತೆ, ವಿಮಾನ ಗಾಳಿಯನ್ನು ಹಿಂದಕ್ಕೆ ತಳ್ಳುತ್ತೆ. ಬಾಹ್ಯಾಕಾಶದಲ್ಲಿ ನೆಲವೂ ಇಲ್ಲ, ಗಾಳಿಯೂ ಇಲ್ಲ. ಹಾಗಾಗಿ ರಾಕೆಟ್ ತನ್ನ ಜೊತೆಗೇ ಒಯ್ದ ವಸ್ತುವನ್ನು ಹಿಂದಕ್ಕೆ ಎಸೆದು ಮುಂದೆ ಹೋಗಬೇಕು. ಹೀಗೆ ಎಸೆಯುವ ವಸ್ತುವನ್ನೇ ಕನ್ನಡದಲ್ಲಿ ನೋದಕ ಅನ್ನೋದು.

ಇಲ್ಲಿ ಒಂದು ಗೊಂದಲ ಬೇಡ. ಶಕ್ತಿ ಬೇರೆ, ನೋದಕ ಬೇರೆ. ಸೌರಫಲಕ ಹಾಕಿದ್ರೆ ಶಕ್ತಿ ವರ್ಷಗಟ್ಟಲೆ ಸಿಗುತ್ತೆ. ಆದ್ರೆ ಎಸೆಯೋಕೆ ಏನಾದ್ರೂ ಬೇಕಲ್ಲ? ಇವತ್ತಿನ ಅತಿ ಮಿತವ್ಯಯದ ಅಯಾನು ಎಂಜಿನ್‌ಗಳೂ ಕ್ಸೆನಾನ್‌ನಂಥ ಅನಿಲ ಎಸೆದೇ ಮುಂದೆ ಹೋಗೋದು. ಟ್ಯಾಂಕ್ ಖಾಲಿಯಾದ ದಿನ ಉಪಗ್ರಹದ ಉಳಿದೆಲ್ಲ ಸರಿಯಾಗಿದ್ರೂ ಅದರ ಆಯುಸ್ಸು ಮುಗೀತು. "ನೋದಕವೇ ಬೇಡ, ಕರೆಂಟ್ ಕೊಟ್ಟರೆ ಸಾಕು" ಅನ್ನೋ ಎಂಜಿನ್ ಮೇಲೆ ಯಾಕೆ ಅಷ್ಟು ಆಸೆ ಅಂತ ಈಗ ಅರ್ಥ ಆಗುತ್ತೆ. ಅದು ನಿಜವಾದ್ರೆ ಬಾಹ್ಯಾಕಾಶ ಎಂಜಿನಿಯರಿಂಗ್‌ನ ಪಠ್ಯಪುಸ್ತಕವನ್ನೇ ಹೊಸದಾಗಿ ಬರೀಬೇಕು.

ಮುಚ್ಚಿದ ಬಕೆಟ್‌ನ ಕಥೆ

ಬ್ರಿಟನ್ನಿನ ಎಂಜಿನಿಯರ್ ರೋಜರ್ ಶಾಯರ್ 2001ರಲ್ಲಿ ಒಂದು ಕಂಪನಿ ಕಟ್ಟಿ ಈ ಎಂಜಿನ್ ಮೇಲೆ ಕೆಲಸ ಶುರು ಮಾಡಿದ್ರು. ರಚನೆ ಸರಳ. ತಾಮ್ರದ ಬಕೆಟ್ ಒಂದನ್ನು ಕಲ್ಪಿಸಿಕೊಳ್ಳಿ: ಒಂದು ತುದಿ ಅಗಲ, ಇನ್ನೊಂದು ಕಿರಿದು, ಬಾಯಿಗೂ ತಾಮ್ರದ ಮುಚ್ಚಳ. ಒಳಗೆ ಮೈಕ್ರೋವೇವ್ ಹಾಯಿಸಬೇಕು, ನಮ್ಮ ಮೈಕ್ರೋವೇವ್ ಒಲೆಯಲ್ಲಿ ಇರೋ ಮ್ಯಾಗ್ನೆಟ್ರಾನೇ ಇಲ್ಲೂ ಸಾಕು. ಅಲೆಗಳು ಒಳಗೇ ಪುಟಿದಾಡ್ತವೆ. ಅಗಲ ತುದಿಯ ಮೇಲೆ ಹೆಚ್ಚು ಒತ್ತಡ, ಕಿರಿದು ತುದಿಯ ಮೇಲೆ ಕಡಿಮೆ ಒತ್ತಡ, ಆ ವ್ಯತ್ಯಾಸವೇ ನೂಕುಬಲ ಅನ್ನೋದು ಶಾಯರ್ ವಾದ. 2006ರಲ್ಲಿ 'ನ್ಯೂ ಸೈಂಟಿಸ್ಟ್' ಪತ್ರಿಕೆ ಇದನ್ನು ದೊಡ್ಡ ಲೇಖನ ಮಾಡಿತು. ಮರುಕ್ಷಣವೇ ಭೌತವಿಜ್ಞಾನಿಗಳ ಟೀಕೆಯೂ ಬಂತು.

ಟೀಕೆ ಏನು? ಬಕೆಟ್‌ಗೆ ಎರಡು ತುದಿ ಮಾತ್ರ ಅಲ್ಲ, ಓರೆಯಾದ ಪಕ್ಕದ ಗೋಡೆಯೂ ಇದೆ. ಅಲೆಗಳು ಅದನ್ನೂ ತಳ್ತವೆ. ಮೂರೂ ಬಲಗಳನ್ನು ಕೂಡಿದ್ರೆ ಉತ್ತರ ಸೊನ್ನೆ. ನಮ್ಮ ಕಡೆ ಮಾತಲ್ಲಿ ಹೇಳೋದಾದ್ರೆ: ಬಸ್ ಕೆಟ್ಟು ನಿಂತಾಗ ಎಲ್ಲರೂ ಕೆಳಗಿಳಿದು ತಳ್ತೀವಿ. ಸೀಟಲ್ಲಿ ಕೂತು ಮುಂದಿನ ಸೀಟನ್ನು ತಳ್ಳೋದಿಲ್ಲ.

ಶಕ್ತಿಯ ಲೆಕ್ಕವೂ ಕೂಡೋದಿಲ್ಲ. ಇದು ಪರೀಕ್ಷೆಯಲ್ಲಿ ಕೇಳುವಂಥ ಲೆಕ್ಕ, ನೀವೂ ಮಾಡಿ ನೋಡಿ. ಮುಂದೆ ನೋಡಲಿರುವ ಒಂದು ಪ್ರಸಿದ್ಧ ಪ್ರಯೋಗ 1 ಕಿಲೋವ್ಯಾಟ್‌ಗೆ 1.2 ಮಿಲಿನ್ಯೂಟನ್ ಬಲ ಅಂತ ಹೇಳಿತು. ಬಲವನ್ನು ವೇಗದಿಂದ ಗುಣಿಸಿದ್ರೆ ಯಾಂತ್ರಿಕ ಸಾಮರ್ಥ್ಯ, ಅಂದ್ರೆ ಚಲನಶಕ್ತಿ ಏರುವ ದರ. ವೇಗ ಸೆಕೆಂಡಿಗೆ ಸುಮಾರು 833 ಕಿಲೋಮೀಟರ್ ಮುಟ್ಟಿದಾಗ ಈ ಗುಣಲಬ್ಧ ಸರಿಯಾಗಿ 1 ಕಿಲೋವ್ಯಾಟ್ ಆಗುತ್ತೆ. ಅದಕ್ಕಿಂತ ಮೇಲೆ ಹೋದ್ರೆ? ನಾವು ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಹೊರಗೆ ಬರುತ್ತೆ. ಅಂದ್ರೆ ನೋದಕವಿಲ್ಲದ ಎಂಜಿನ್ ಒಪ್ಪಿಕೊಂಡ್ರೆ ಬಿಟ್ಟಿ ಕರೆಂಟ್ ಕೊಡೋ ಯಂತ್ರವನ್ನೂ ಒಪ್ಪಿಕೊಳ್ಳಬೇಕು.

ಬೆಳಕನ್ನೇ ಹಿಂದಕ್ಕೆ ಬಿಟ್ಟು ಮುಂದೆ ಹೋಗೋ ಫೋಟಾನ್ ರಾಕೆಟ್‌ಗೆ ಈ ತೊಂದರೆ ಇಲ್ಲ. ಸಾಮರ್ಥ್ಯವನ್ನು ಬೆಳಕಿನ ವೇಗದಿಂದ ಭಾಗಿಸಿದ್ರೆ ಅದರ ಬಲ ಸಿಗುತ್ತೆ: 1 ಕಿಲೋವ್ಯಾಟ್‌ಗೆ 3.3 ಮೈಕ್ರೋನ್ಯೂಟನ್. ಅಲ್ಲಿ ಲೆಕ್ಕ ಕೆಡಬೇಕಾದ್ರೆ ಬೆಳಕಿನ ವೇಗವನ್ನೇ ಮೀರಬೇಕು. ಈ 3.3 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ, ಮುಂದೆ ಇದೇ ನಮ್ಮ ಅಳತೆಗೋಲು.

ಹಾಗಿದ್ರೆ ನಿಯಮ ಒಪ್ಪಲ್ಲ ಅಂತ ಪ್ರಯೋಗವನ್ನೇ ಮಾಡ್ಬಾರ್ದಾ? ಮಾಡ್ಬೇಕು. ನಿಯಮಗಳೂ ಪ್ರಯೋಗದಿಂದಲೇ ಬಂದದ್ದು. ಆದ್ರೆ ಮುನ್ನೂರು ವರ್ಷಗಳ ಲೆಕ್ಕವಿಲ್ಲದಷ್ಟು ಅಳತೆಗಳು ಒಂದು ಕಡೆ ಇರುವಾಗ, ಇನ್ನೊಂದು ಕಡೆ ಇಡೋ ಪುರಾವೆಗೂ ಅಷ್ಟೇ ತೂಕ ಬೇಕು.

ಶಿಆನ್‌ನ ತಂತಿ

ಚೀನಾದ ಶಿಆನ್ ನಗರದ ನಾರ್ತ್‌ವೆಸ್ಟರ್ನ್ ಪಾಲಿಟೆಕ್ನಿಕಲ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಯಾಂಗ್ ಜುಆನ್ ಅವರ ತಂಡ 2010ರ ದಶಕದ ಮೊದಲ ವರ್ಷಗಳಲ್ಲಿ ದೊಡ್ಡ ಸಂಖ್ಯೆಯನ್ನೇ ವರದಿ ಮಾಡಿತು: 2.5 ಕಿಲೋವ್ಯಾಟ್‌ಗೆ 720 ಮಿಲಿನ್ಯೂಟನ್. ಅಂದ್ರೆ ಸುಮಾರು 73 ಗ್ರಾಂ ತೂಕದಷ್ಟು. ಕೈಗೇ ಗೊತ್ತಾಗುವಷ್ಟು ಬಲ!

ಆಮೇಲೆ ಅದೇ ತಂಡ ಮಾಡಿದ ಕೆಲಸಕ್ಕೆ ನಾವು ಸಲಾಂ ಹೊಡೀಬೇಕು. ಹೊರಗಿನಿಂದ ಕರೆಂಟ್ ತರುವ ಕೇಬಲ್ ಅಳತೆಯನ್ನು ಕೆಡಿಸ್ತಿರಬಹುದಾ ಅಂತ ತಾವೇ ಕೇಳ್ಕೊಂಡ್ರು. ಬ್ಯಾಟರಿಯನ್ನೂ ಮೈಕ್ರೋವೇವ್ ಮೂಲವನ್ನೂ ತಕ್ಕಡಿ ಮೇಲೇ ಕೂರಿಸಿ, ಹೊರಗಿನ ತಂತಿ ಇಲ್ಲದ ಹಾಗೆ ಮಾಡಿ, ಮತ್ತೆ ಅಳೆದ್ರು. 2016ರಲ್ಲಿ ಪ್ರಕಟವಾದ ಫಲಿತಾಂಶ: ಅಳತೆಯ ಅನಿಶ್ಚಿತತೆಯನ್ನು ಮೀರಿದ ಯಾವ ಬಲವೂ ಕಾಣಲಿಲ್ಲ. ನೂರಾರು ಮಿಲಿನ್ಯೂಟನ್ ಹೋಗಿ ಒಂದು ಮಿಲಿನ್ಯೂಟನ್ ಕೂಡ ಉಳೀಲಿಲ್ಲ.

ತಂತಿ ಅಷ್ಟೆಲ್ಲ ಮಾಡುತ್ತಾ ಅಂತ ಅನುಮಾನ ಇದ್ರೆ ಹಾಸ್ಟೆಲ್ ರೂಮಲ್ಲೇ ಪರೀಕ್ಷೆ ಮಾಡಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಮೊಬೈಲ್ ಇಡಿ, ರೀಡಿಂಗ್ ಬರ್ಕೊಳ್ಳಿ. ಈಗ ಚಾರ್ಜರ್ ಕೇಬಲ್ ಚುಚ್ಚಿ, ಮೇಜಿನ ಮೇಲೆ ಕೇಬಲನ್ನು ಆ ಕಡೆ ಈ ಕಡೆ ಸರಿಸಿ. ಸ್ವಿಚ್ ಆನ್ ಮಾಡೋದೇ ಬೇಡ, ರೀಡಿಂಗ್ ಗ್ರಾಂಗಟ್ಟಲೆ ಕುಣಿಯುತ್ತೆ. ಒಂದು ಗ್ರಾಂ ಅಂದ್ರೆ 9.8 ಮಿಲಿನ್ಯೂಟನ್. ಈಗ ನಾವು ನೋಡಲಿರುವ ನಾಸಾ ಫಲಿತಾಂಶಕ್ಕಿಂತ ಸುಮಾರು ನೂರು ಪಟ್ಟು.

ಹ್ಯೂಸ್ಟನ್‌ನ ಮೂರು ಎಳ್ಳು

ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ಹೆರಾಲ್ಡ್ ವೈಟ್ ನೇತೃತ್ವದ ಈಗಲ್‌ವರ್ಕ್ಸ್ ಅನ್ನೋ ಪುಟ್ಟ ತಂಡ ಇತ್ತು. 2014ರಲ್ಲಿ ಅವರು ಇದೇ ಜಾತಿಯ ಇನ್ನೊಂದು ಸಾಧನವನ್ನೂ ಪರೀಕ್ಷೆ ಮಾಡಿದ್ರು. ಅದರ ಸಂಶೋಧಕರ ಪ್ರಕಾರ ಒಳಗೆ ಕೊರೆದ ಸೀಳುಗಳಿಂದಲೇ ಬಲ ಹುಟ್ಟಬೇಕು. ಹಾಗಾಗಿ ಸೀಳಿಲ್ಲದ ಇನ್ನೊಂದು ಪ್ರತಿಯನ್ನೂ ಮಾಡಿಸಿದ್ರು, ಅಂದ್ರೆ ಫ್ಯಾನ್ ಬಿಚ್ಚಿದ ಮೋಟರ್ ಇದ್ದ ಹಾಗೆ. ಏನಾಯ್ತು? ಎರಡೂ ಬಲ ತೋರಿಸಿದ್ವು!

ಇಲ್ಲಿ ನಿಂತು ಯೋಚಿಸ್ಬೇಕು. ಬಲ ಬರಬಾರದು ಅಂತಲೇ ಮಾಡಿಸಿದ ಪ್ರತಿಯಲ್ಲೂ ಬಲ ಬಂದ್ರೆ ಎರಡು ಅರ್ಥ ಮಾಡಬಹುದು. ಒಂದು, ಸಿದ್ಧಾಂತ ತಪ್ಪು ಆದ್ರೆ ಎಂಜಿನ್ ನಿಜ. ಎರಡು, ಬಲ ಬರ್ತಿರೋದು ಎಂಜಿನ್‌ನಿಂದಲೇ ಅಲ್ಲ. ಆಸೆ ಇದ್ದೋರು ಮೊದಲನೇದನ್ನು ಆರಿಸ್ಕೊಂಡ್ರು. ಮೈಕ್ರೋವೇವನ್ನು ಬರೀ ಒಂದು ಲೋಡ್‌ಗೆ ಹರಿಸಿದಾಗ ಬಲ ಕಾಣಲಿಲ್ಲ ಅನ್ನೋದು ಅವರ ಸಮರ್ಥನೆ. ಎರಡನೇ ಸಾಧ್ಯತೆ ಮಾತ್ರ ಹಾಗೇ ಬಾಕಿ ಉಳೀತು.

2016ರ ಕೊನೆಗೆ ಅದೇ ತಂಡದ ಎಮ್‌ಡ್ರೈವ್ ಪ್ರಬಂಧ 'ಜರ್ನಲ್ ಆಫ್ ಪ್ರೊಪಲ್ಷನ್ ಆ್ಯಂಡ್ ಪವರ್'ನಲ್ಲಿ ಬಂತು. ನಿರ್ವಾತದ ಕೊಠಡಿಯಲ್ಲಿ, ಟಾರ್ಷನ್ ಲೋಲಕದ ಮೇಲೆ, 40, 60, 80 ವ್ಯಾಟ್‌ಗಳಲ್ಲಿ ಅಳೆದು ಕೊಟ್ಟ ಉತ್ತರ: ಕಿಲೋವ್ಯಾಟ್‌ಗೆ 1.2 ಮಿಲಿನ್ಯೂಟನ್, ಹೆಚ್ಚುಕಡಿಮೆ 0.1. ನಮ್ಮ 3.3 ಮೈಕ್ರೋನ್ಯೂಟನ್ ಅಳತೆಗೋಲಿನ 360 ಪಟ್ಟು. ಆದ್ರೆ 80 ವ್ಯಾಟ್‌ಗೆ ಸಿಕ್ಕ ನಿಜವಾದ ಬಲ ಎಷ್ಟು? ಸುಮಾರು 96 ಮೈಕ್ರೋನ್ಯೂಟನ್, ಅಂದ್ರೆ ಹತ್ತು ಮಿಲಿಗ್ರಾಂ ತೂಕ. ಮೂರು ಎಳ್ಳಿನ ಕಾಳಿನಷ್ಟು.

ಸುದ್ದಿಮನೆಗಳು ಏನು ಬರೆದ್ವು ಅಂತ ಊಹಿಸೋದು ಕಷ್ಟ ಅಲ್ಲ: ನಾಸಾ ಅಸಾಧ್ಯವನ್ನು ಸಾಧಿಸಿತು! ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು. ಪ್ರಬಂಧವನ್ನು ಪರಿಣತರು ಓದಿ ಒಪ್ಪಿದ್ದಾರೆ ಅಂದ್ರೆ "ಇದು ಚರ್ಚೆಗೆ ಯೋಗ್ಯ" ಅಂತ ಅರ್ಥ. "ಇದು ನಿಜ" ಅಂತಲ್ಲ. ಪ್ರಬಂಧ ಓದಿದೋರು ಕುರುಡಾಗಿ ಓದಿರಲಿಲ್ಲ, ಬರೆದೋರೂ ದೋಷಮೂಲಗಳ ಪಟ್ಟಿ ಕೊಟ್ಟಿದ್ರು. ಆ ಪಟ್ಟಿಯಲ್ಲಿ ಬಿಸಿಯಿಂದಾಗುವ ಹಿಗ್ಗುವಿಕೆಯೂ ಇತ್ತು.

ಗ್ರಾಫ್‌ನಲ್ಲೇ ಅದು ಕಾಣ್ತಿತ್ತು ಕೂಡ. ಕರೆಂಟ್ ಕೊಟ್ಟ ಕೂಡಲೇ ಲೋಲಕ ಟಕ್ ಅಂತ ಸರಿದು ಒಂದು ಕಡೆ ನಿಲ್ಲಲಿಲ್ಲ. ನಿಧಾನವಾಗಿ ವಾಲುತ್ತಾ ಹೋಯ್ತು. ಆ ವಾಲಿಕೆಯಲ್ಲಿ ಸ್ವಲ್ಪ ಭಾಗ ನೂಕುಬಲ, ಉಳಿದದ್ದು ಬಿಸಿಯ ಪರಿಣಾಮ ಅಂತ ತಂಡ ಲೆಕ್ಕದಲ್ಲಿ ಬೇರ್ಪಡಿಸಿತು. ಎಂಜಿನನ್ನು ತಿರುಗಿಸಿ ಇಟ್ಟಾಗ ದಿಕ್ಕೂ ತಿರುಗಿತು, ಹಾಗಾಗಿ ನಂಬಿಕೆ ಹೆಚ್ಚಾಯ್ತು. ಆದ್ರೆ ಸಾಧನ ತಿರುಗಿಸಿದ್ರೆ ಅದರ ಬಿಸಿಯಾಗೋ ಭಾಗವೂ ಜೊತೆಗೇ ತಿರುಗುತ್ತೆ ಅಲ್ವಾ? ತಿರುಗಿಸಿ ನೋಡೋದು ಒಳ್ಳೆಯ ಪರೀಕ್ಷೆಯೇ. ಅದೊಂದೇ ಸಾಲದು.

ಡ್ರೆಸ್ಡೆನ್: ಎಂಜಿನ್ ಆಫ್, ಬಲ ಆನ್

ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಮಾರ್ಟಿನ್ ತಾಜ್ಮಾರ್ ಈ ಕಥೆಯ ನಿಜವಾದ ನಾಯಕ ಅಂತ ನಮಗೆ ಅನ್ಸುತ್ತೆ. ಅವರು "ಇದೆಲ್ಲ ಸಾಧ್ಯವಿಲ್ಲ" ಅಂತ ಕೈ ತೊಳ್ಕೊಳ್ಳಲಿಲ್ಲ, "ನಾಸಾ ಹೇಳಿದೆ" ಅಂತ ನಂಬಲೂ ಇಲ್ಲ. ವರ್ಷಗಟ್ಟಲೆ ಕೂತು ಅತಿ ಸೂಕ್ಷ್ಮವಾದ ತಕ್ಕಡಿ ಕಟ್ಟಿ, ತಾವೇ ಎಮ್‌ಡ್ರೈವ್ ಮಾಡಿ ಅಳೆದ್ರು.

2018ರಲ್ಲಿ ಅವರ ತಂಡಕ್ಕೂ ಬಲ ಕಾಣ್ತು: ಸುಮಾರು 4 ಮೈಕ್ರೋನ್ಯೂಟನ್. ಆಗ ಅವರು ಮಾಡಿದ್ದು ನಮ್ಮ ಇನ್‌ಸ್ಟ್ರಕ್ಟರ್ ಸರ್ ಕೇಳಿದ್ದನ್ನೇ. ಮೈಕ್ರೋವೇವ್ ಬಕೆಟ್ ಸೇರುವ ಮೊದಲು ನಡುವೆ ಒಂದು 40 ಡೆಸಿಬೆಲ್ ಅಟೆನ್ಯುಯೇಟರ್ ಹಾಕಿದ್ರು. 40 ಡೆಸಿಬೆಲ್ ಅಂದ್ರೆ ಹತ್ತು ಸಾವಿರದಲ್ಲಿ ಒಂದು ಭಾಗ. ಆಂಪ್ಲಿಫೈಯರ್ ಮೊದಲಿನಂತೆಯೇ ಕರೆಂಟ್ ಎಳೀತಿದೆ, ತಂತಿಗಳಲ್ಲಿ ಅಷ್ಟೇ ಪ್ರವಾಹ ಇದೆ, ಆದ್ರೆ ಬಕೆಟ್ ಒಳಗೆ ಹೆಚ್ಚುಕಡಿಮೆ ಏನೂ ಇಲ್ಲ. ಎಂಜಿನ್ ನಿಜವಾಗಿದ್ರೆ ಬಲ ಹತ್ತು ಸಾವಿರ ಪಟ್ಟು ಇಳೀಬೇಕು. ಇಳೀಲಿಲ್ಲ, ಹೆಚ್ಚುಕಡಿಮೆ ಅಷ್ಟೇ ಇತ್ತು.

ಹಾಗಾದ್ರೆ ಯಾರು ತಳ್ತಿದ್ದಾರೆ? ಎರಡನೇ ಪಿಯುಸಿಯ ಸೂತ್ರ ತೆಗೀರಿ: ಬಲ = ಕಾಂತಕ್ಷೇತ್ರ × ವಿದ್ಯುತ್ ಪ್ರವಾಹ × ತಂತಿಯ ಉದ್ದ. ಭೂಮಿಯ ಕಾಂತಕ್ಷೇತ್ರ ಆ ಭಾಗದಲ್ಲಿ ಸುಮಾರು 50 ಮೈಕ್ರೋಟೆಸ್ಲಾ. ಪ್ರವಾಹ 2 ಆಂಪಿಯರ್, ಸರಿಯಾಗಿ ಹೊಸೆಯದ ತಂತಿಯ ಉದ್ದ 4 ಸೆಂಟಿಮೀಟರ್ ಅಂತ ಇಟ್ಕೊಂಡು ಗುಣಿಸಿ. ಬರೋದು 4 ಮೈಕ್ರೋನ್ಯೂಟನ್! ಭೂಮಿಯೇ ತಳ್ತಿತ್ತು. ನಾಲ್ಕು ಬೆರಳಗಲದಷ್ಟೂ ಇಲ್ಲದ ತಂತಿ ಸಾಕಾಯ್ತು.

ತಂಡ ಅಲ್ಲಿಗೂ ನಿಲ್ಲಲಿಲ್ಲ. ನಾಸಾದ ಎಂಜಿನ್‌ನ ಅಳತೆಗಳಿಗೆ ಹೊಂದುವ ಸಾಧನ ಕಟ್ಟಿ 2021ರಲ್ಲಿ ಪೂರ್ತಿ ಫಲಿತಾಂಶ ಕೊಟ್ರು. ನಾಸಾ ಬಳಸಿದಂಥ ಜೋಡಣೆಯಲ್ಲಿ ಅದೇ ರೀತಿಯ ಬಲ ಅವರಿಗೂ ಕಾಣಿಸಿತು. ಎಂಜಿನ್ ಬಿಸಿಯಾದಾಗ ಅದನ್ನು ಹಿಡಿದಿರೋ ಭಾಗಗಳು ಸೊಟ್ಟಗಾಗಿ ತಕ್ಕಡಿಯ ಸೊನ್ನೆಯೇ ಬೇರೆ ಜಾಗಕ್ಕೆ ಸರೀತಿತ್ತು. ಹಿಡಿದಿಡೋ ವಿಧಾನ ಬದಲಿಸಿ, ಆ ಸೊಟ್ಟ ತಕ್ಕಡಿಗೆ ತಲುಪದ ಹಾಗೆ ಮಾಡಿದ ಕೂಡಲೇ ಬಲ ಮಾಯ. ಅಷ್ಟೇ ವಿದ್ಯುತ್ತಿಗೆ ಫೋಟಾನ್ ರಾಕೆಟ್ ಕೊಡುವಷ್ಟು ಬಲ ಕೂಡ ಅಲ್ಲಿಲ್ಲ ಅಂತ ಹೇಳೋ ಮಟ್ಟಕ್ಕೆ ಅವರ ಅಳತೆ ಮುಟ್ಟಿತ್ತು. ಅಂದ್ರೆ ಹಿಂದಕ್ಕೊಂದು ಟಾರ್ಚ್ ಹಚ್ಚಿ ಬಿಟ್ಟಿದ್ರೂ ಎಮ್‌ಡ್ರೈವ್‌ಗಿಂತ ಚೆನ್ನಾಗಿ ಓಡ್ತಿತ್ತು.

ಈಗ ಸಂಖ್ಯೆಗಳನ್ನು ಸಾಲಾಗಿ ಇಡಿ. ಶಿಆನ್‌ನಲ್ಲಿ 720 ಮಿಲಿನ್ಯೂಟನ್. ಹ್ಯೂಸ್ಟನ್‌ನಲ್ಲಿ 0.096 ಮಿಲಿನ್ಯೂಟನ್. ಡ್ರೆಸ್ಡೆನ್‌ನಲ್ಲಿ ಮೊದಲು 0.004, ಆಮೇಲೆ ಸೊನ್ನೆ. ಕೊಟ್ಟ ವಿದ್ಯುತ್ ಬೇರೆ ಬೇರೆ, ನಿಜ. ಆದ್ರೂ ದಿಕ್ಕು ಸ್ಪಷ್ಟ: ಅಳತೆ ಸುಧಾರಿಸಿದ ಹಾಗೆ ಪರಿಣಾಮ ಕುಗ್ಗುತ್ತಾ ಹೋಯ್ತು. ನಿಜವಾದ ಪರಿಣಾಮ ಆಗಿದ್ರೆ ಅಳತೆ ಸುಧಾರಿಸಿದಾಗ ಅದು ಒಂದು ಸಂಖ್ಯೆಗೆ ಬಂದು ನಿಲ್ತಿತ್ತು.

ಕತ್ತಲಲ್ಲಿ ಕದ್ದ ಪ್ರಿಸಂ

ಅಟೆನ್ಯುಯೇಟರ್ ಹಾಕಿದ ಯೋಚನೆ ಹೊಸದೇನಲ್ಲ. 1903ರಲ್ಲಿ ಫ್ರಾನ್ಸಿನ ನ್ಯಾನ್ಸಿ ನಗರದ ಗೌರವಾನ್ವಿತ ಭೌತವಿಜ್ಞಾನಿ ರೆನೆ ಬ್ಲಾಂಡ್ಲೋ 'ಎನ್ ಕಿರಣ' ಅನ್ನೋ ಹೊಸ ಕಿರಣ ಕಂಡೆ ಅಂದ್ರು. ಕತ್ತಲ ಕೋಣೆಯಲ್ಲಿ ಒಂದು ಮಸುಕಾದ ಬೆಳಕು ಚೂರು ಹೆಚ್ಚಾಯ್ತಾ ಅಂತ ಕಣ್ಣಲ್ಲೇ ನೋಡ್ಬೇಕು. ಬೇರೆ ಅನೇಕರಿಗೂ ಅದು ಕಾಣ್ತು! 1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ಆ ಪ್ರಯೋಗಾಲಯಕ್ಕೆ ಹೋದ್ರು. ಕಿರಣವನ್ನು ಬಿಡಿಸಿ ತೋರಿಸಬೇಕಾಗಿದ್ದ ಅಲ್ಯೂಮಿನಿಯಂ ಪ್ರಿಸಮನ್ನು ಕತ್ತಲಲ್ಲಿ ಯಾರಿಗೂ ಗೊತ್ತಾಗದ ಹಾಗೆ ತೆಗೆದುಬಿಟ್ರು. ಪ್ರಿಸಂ ಇಲ್ಲದಿದ್ರೂ ರೀಡಿಂಗ್ ಬರ್ತಾನೇ ಇತ್ತು. ಎನ್ ಕಿರಣದ ಕಥೆ ಅಲ್ಲಿಗೆ ಮುಗೀತು.

ಬ್ಲಾಂಡ್ಲೋ ಮೋಸಗಾರ ಆಗಿರ್ಲಿಲ್ಲ, ಈಗಲ್‌ವರ್ಕ್ಸ್‌ನವರೂ ಅಲ್ಲ. ಆಸೆ ಇರುವ ಕಣ್ಣು ಅದಕ್ಕೆ ಬೇಕಾದ್ದನ್ನು ನೋಡುತ್ತೆ, ಅಷ್ಟೇ. ನಮ್ಮನ್ನೇ ನೋಡ್ಕೊಳ್ಳಿ. ಲೋಲಕ ಪ್ರಯೋಗದಲ್ಲಿ ಗುರುತ್ವ 9.8 ಬರೋ ತನಕ ರೀಡಿಂಗ್ ತಗೋತೀವಿ, ಬಂದ ತಕ್ಷಣ ನಿಲ್ಲಿಸ್ತೀವಿ. ಇನ್ನೂ ಅವಸರ ಇದ್ರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೀತೀವಿ. ಎಲ್ಲರೂ ಮಾಡೋದೇ ಅಂತ ಸಮಾಧಾನ ಬೇರೆ. 9.8 ಎಷ್ಟೋ ಜನ ಅಳೆದಾಗಿದೆ, ನಮ್ಮಿಂದ ಅದಕ್ಕೇನೂ ಆಗಲ್ಲ. ಆದ್ರೆ ಇದೇ ಕೈ ಮುಂದೆ ಸೇತುವೆಯ ಕಾಂಕ್ರೀಟ್ ಪರೀಕ್ಷೆಯ ರಿಪೋರ್ಟಿಗೋ, ವಿಮಾನದ ಭಾಗದ ಪರೀಕ್ಷೆಯ ರಿಪೋರ್ಟಿಗೋ ಸಹಿ ಹಾಕುತ್ತೆ. ಅಲ್ಲಿ ಸರಿಯುತ್ತರ ಮೊದಲೇ ಗೊತ್ತಿರೋದಿಲ್ಲ.

ನೋದಕವಿಲ್ಲದೆ ಹೋಗೋದು ಸುಳ್ಳಾ?

ಅಲ್ಲ. ಸಂವೇಗ ಕೊಡೋ ಜೊತೆಗಾರ ಯಾರು ಅಂತ ಗೊತ್ತಿದ್ರೆ ಖಂಡಿತ ಹೋಗಬಹುದು. 2010ರಲ್ಲಿ ಜಪಾನಿನ ಇಕಾರೋಸ್ ನೌಕೆ ಒಂದು ಬದಿ 14 ಮೀಟರ್ ಇರೋ ಚೌಕದ ಸೌರಹಾಯಿ ಬಿಚ್ಚಿತು. ಸೂರ್ಯನ ಬೆಳಕಿನಿಂದ ಸಿಕ್ಕ ಬಲ ಸುಮಾರು 1.1 ಮಿಲಿನ್ಯೂಟನ್. ಇದೂ ಚಿಕ್ಕ ಸಂಖ್ಯೆಯೇ, ಆದ್ರೂ ಯಾರೂ ಜಗಳ ಮಾಡಲಿಲ್ಲ. ಬೆಳಕು ಎಷ್ಟು ತಳ್ಳಬೇಕು ಅಂತ ಲೆಕ್ಕ ಮೊದಲೇ ಇತ್ತು, ಅಳತೆ ಅದಕ್ಕೆ ಹೊಂದಿತು.

ನಮ್ಮ ಬೆಂಗಳೂರಿನಲ್ಲೇ ಕಟ್ಟಿ 1992ರಲ್ಲಿ ಹಾರಿಸಿದ ಇನ್ಸಾಟ್-2ಎ ಉಪಗ್ರಹವೂ ಈ ಬಲವನ್ನು ಗಂಭೀರವಾಗಿ ತಗೊಂಡಿತ್ತು. ಅದರ ಸೌರಫಲಕ ಒಂದೇ ಬದಿಗೆ ಇತ್ತು. ಬೆಳಕು ಆ ಬದಿಯನ್ನೇ ತಳ್ತಾ ಇದ್ರೆ ಉಪಗ್ರಹ ನಿಧಾನವಾಗಿ ತಿರುಗಿಬಿಡುತ್ತೆ. ಅದಕ್ಕೇ ಎದುರು ಬದಿಗೆ ಉದ್ದನೆಯ ದಂಡದ ತುದಿಯಲ್ಲಿ ಒಂದು ಸೌರಹಾಯಿ ಕಟ್ಟಿ ಸಮ ಮಾಡಿದ್ರು. ಮೈಕ್ರೋನ್ಯೂಟನ್‌ಗಳನ್ನು ಮರೆಯದೆ ಲೆಕ್ಕಕ್ಕೆ ತಗೊಳ್ಳೋದು ಅಂದ್ರೆ ಇದು.

ಸಂದೇಹ ಅಂದ್ರೆ ವಿಚಿತ್ರ ರೀಡಿಂಗನ್ನು ಕಸದಬುಟ್ಟಿಗೆ ಹಾಕೋದೂ ಅಲ್ಲ. 1972 ಮತ್ತು 1973ರಲ್ಲಿ ಹಾರಿದ ಪಯೊನೀರ್ 10, 11 ನೌಕೆಗಳು ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚಾಗಿ ಸೂರ್ಯನ ಕಡೆಗೆ ಎಳೆದಂತೆ ನಿಧಾನ ಆಗ್ತಿದ್ವು. ವ್ಯತ್ಯಾಸ ಗುರುತ್ವವೇಗೋತ್ಕರ್ಷದ ಸಾವಿರ ಕೋಟಿಯಲ್ಲಿ ಒಂದು ಭಾಗದಷ್ಟು. ಹೊಸ ಭೌತಶಾಸ್ತ್ರ ಇರಬಹುದೇನೋ ಅಂತ ಹಲವರು ಯೋಚಿಸಿದ್ರು. ಹಳೆಯ ದತ್ತಾಂಶಗಳನ್ನೆಲ್ಲ ಹುಡುಕಿ ತೆಗೆದು, ನೌಕೆಯ ಶಾಖದ ಮಾದರಿ ಕಟ್ಟಿ, 2012ರಲ್ಲಿ ಉತ್ತರ ಸಿಕ್ತು: ನೌಕೆಯ ವಿದ್ಯುತ್ ಮೂಲ ಮತ್ತು ಎಲೆಕ್ಟ್ರಾನಿಕ್ಸ್‌ನ ಬಿಸಿ ಎಲ್ಲ ದಿಕ್ಕಿಗೂ ಸಮವಾಗಿ ಹೋಗ್ತಿರಲಿಲ್ಲ. ಒಂದು ಕಡೆಗೆ ಹೆಚ್ಚು ಹೊರಟ ಶಾಖವೇ ಇನ್ನೊಂದು ಕಡೆಗೆ ತಳ್ತಿತ್ತು. ಅಲ್ಲೂ ಒಬ್ಬ ಜೊತೆಗಾರ ಸಿಕ್ಕ.

"ಭೂಮಿಯ ಮೇಲೆ ಇಷ್ಟೊಂದು ತೊಂದರೆ ಇದ್ರೆ ಬಾಹ್ಯಾಕಾಶದಲ್ಲೇ ಪರೀಕ್ಷೆ ಮಾಡಿಬಿಡೋಣ" ಅನ್ನೋ ವಾದವೂ ಇದೆ. 2023ರ ನವೆಂಬರ್‌ನಲ್ಲಿ ಬ್ಯಾರಿ-1 ಅನ್ನೋ ಪುಟ್ಟ ಉಪಗ್ರಹ ಇಂಥದ್ದೇ ಇನ್ನೊಂದು ನೋದಕವಿಲ್ಲದ ಎಂಜಿನ್ ಹೊತ್ತು ಹೋಯ್ತು. ಎಂಜಿನ್ ಪರೀಕ್ಷೆ ಶುರುವಾಗುವ ಮೊದಲೇ ವಿದ್ಯುತ್ ವ್ಯವಸ್ಥೆ ಕೈಕೊಟ್ಟು 2024ರ ಫೆಬ್ರವರಿಯಲ್ಲಿ ಸಂಪರ್ಕ ಕಡಿದುಹೋಯ್ತು. ಅದು ಸರಿಯಾಗಿದ್ರೂ ಕಕ್ಷೆಯಲ್ಲಿ ಉಳಿದ ತೆಳು ಗಾಳಿ, ಸೂರ್ಯನ ಬೆಳಕು, ಭೂಮಿಯ ಕಾಂತಕ್ಷೇತ್ರ ಇದ್ದೇ ಇರ್ತವೆ. ಅಲ್ಲೂ ಎಂಜಿನ್ ಆಫ್ ಮಾಡಿ ಅಳೀಬೇಕು, ಅಷ್ಟೇ ಬಿಸಿ ಹುಟ್ಟಿಸೋ ಡಮ್ಮಿ ಹಾಕಿ ಅಳೀಬೇಕು.

ನಮ್ಮ ಲ್ಯಾಬಿಗೆ ಒಂದು ಪಟ್ಟಿ

ಇಷ್ಟು ಓದಿದ ಮೇಲೆ ನಮ್ಮ ರೆಕಾರ್ಡ್ ಬುಕ್‌ನ ಒಳರಟ್ಟಿಗೆ ನಾವು ಅಂಟಿಸಿಕೊಂಡ ಪ್ರಶ್ನೆಗಳು ಇವು:

1. ಕಾರಣ ಅಂತ ನಾವು ಹೇಳೋದನ್ನು ತೆಗೆದು, ಉಳಿದೆಲ್ಲ ಹಾಗೇ ಇಟ್ಟು ಅಳೆದಿದ್ದೀವಾ?

2. ಕಾರಣವನ್ನು ಎರಡು ಪಟ್ಟು ಮಾಡಿದ್ರೆ ಪರಿಣಾಮವೂ ಲೆಕ್ಕದಂತೆ ಬದಲಾಗುತ್ತಾ?

3. ಸ್ವಿಚ್ ಹಾಕಿದ ಕೂಡಲೇ ಪರಿಣಾಮ ಬರುತ್ತಾ, ಇಲ್ಲಾ ನಿಧಾನವಾಗಿ ಏರುತ್ತಾ? ನಿಧಾನ ಆದ್ರೆ ಮೊದಲ ಅನುಮಾನ ಬಿಸಿಯ ಮೇಲೆ.

4. ಅಳೆಯೋ ವಸ್ತುವನ್ನು ಮುಟ್ಟಿರೋ ತಂತಿ, ಪೈಪು, ಸ್ಕ್ರೂ ಯಾವುವು?

5. ಸೊನ್ನೆ ಎಲ್ಲಿದೆ ಅಂತ ಪ್ರಯೋಗದ ಮೊದಲೂ ನೋಡಿದ್ವಾ, ಆಮೇಲೂ ನೋಡಿದ್ವಾ?

6. ಯಾವ ರೀಡಿಂಗ್ ಬಂದ್ರೆ "ನಮ್ಮ ಊಹೆ ತಪ್ಪು" ಅಂತ ಒಪ್ಕೋತೀವಿ? ಇದನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಬೇಕು.

ಆ ಹನ್ನೊಂದು ಗ್ರಾಂ

ಈಗ ನಮ್ಮ ಕಥೆ. ಅವತ್ತು ರಾತ್ರಿ ಎಂಟರವರೆಗೆ ಲ್ಯಾಬ್ ತೆರೆದಿಟ್ಟು ಸರ್ ನಮ್ಮ ಜೊತೆ ಕೂತರು. ಬ್ಯಾಟರಿಯ ದಪ್ಪ ತಂತಿ ಬಿಗಿಯಾಗಿ ಎಳೆದಿತ್ತು. ಮೋಟರ್ ಅದುರಿದಾಗ ಆ ತಂತಿ ಲೋಡ್ ಸೆಲ್ಲನ್ನು ಒಂದು ಕಡೆಗೆ ಜಗ್ಗುತ್ತಿತ್ತು. ಸಡಿಲ ಬಿಟ್ಟು ಕಟ್ಟಿದ್ವಿ, ಹನ್ನೊಂದು ಹೋಗಿ ಐದಾಯ್ತು. ಉಳಿದದ್ದು ನಿಧಾನವಾಗಿ ಏರೋ ರೀಡಿಂಗ್, ಅಂದ್ರೆ ಬಿಸಿ: ಮೋಟರಿನ ಕಾವು ಆ್ಯಂಗಲ್ ಮೂಲಕ ಸೆಲ್‌ಗೆ ಇಳೀತಿತ್ತು. ನಡುವೆ ಮರದ ತುಂಡು ಇಟ್ವಿ, ಎರಡಾಯ್ತು. ಆ ಎರಡನ್ನು ಏನು ಮಾಡಿದ್ರೂ ಹೋಗಿಸೋಕೆ ಆಗಲಿಲ್ಲ. ರಿಪೋರ್ಟಿನಲ್ಲಿ ಹಾಗೇ ಬರೆದ್ವಿ: ಹೆಚ್ಚುಕಡಿಮೆ ಎರಡು ಗ್ರಾಂ.

ಎಲ್ಲ ರೀಡಿಂಗೂ ಮತ್ತೆ ತಗೊಂಡ್ವಿ. ಮೊದಲು ಬಂದಿದ್ದ ದಕ್ಷತೆಯ ಸಂಖ್ಯೆ ಇಳೀತು, ಗ್ರಾಫ್‌ನ ಬಿಂದುಗಳು ಗೆರೆಯಿಂದ ಆಚೀಚೆ ಹೋದ್ವು. ಹೊಸ ಪೋಸ್ಟರ್‌ಗೆ ದುಡ್ಡಿರಲಿಲ್ಲ. ಹಳೇ ಸಂಖ್ಯೆ ಮೇಲೆ ಬಿಳಿ ಕಾಗದ ಅಂಟಿಸಿ ಪೆನ್ನಲ್ಲಿ ಹೊಸದನ್ನು ಬರೆದ್ವಿ. ಫ್ಯಾನ್ ಬಿಚ್ಚಿ ಓಡಿಸಿದ ರೀಡಿಂಗ್‌ಗಳಿಗೂ ಒಂದು ಪುಟ ಕೊಟ್ವಿ. ಆ ಪುಟಕ್ಕೆ ಹೆಚ್ಚು ಮಾರ್ಕ್ಸೇನೂ ಬರ್ಲಿಲ್ಲ. ಪಕ್ಕದ ತಂಡದ ಗ್ರಾಫ್ ನಮ್ಮದಕ್ಕಿಂತ ಚೆನ್ನಾಗಿತ್ತು.

ಆದ್ರೆ ವೈವಾದಲ್ಲಿ "ಈ ಸಂಖ್ಯೆ ಸರಿನಾ?" ಅಂತ ಕೇಳಿದಾಗ ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡ್ಲಿಲ್ಲ. ಎಷ್ಟರ ಮಟ್ಟಿಗೆ ಸರಿ, ಎಲ್ಲಿಂದ ಗೊತ್ತಿಲ್ಲ ಅಂತ ಹೇಳೋಕೆ ಆಯ್ತು.

ಮುಂದಿನ ಸಲ ಮೊಬೈಲ್‌ನಲ್ಲಿ "ಅಸಾಧ್ಯ ಎಂಜಿನ್ ಕೆಲಸ ಮಾಡಿತು" ಅಂತ ಸುದ್ದಿ ಕಂಡ್ರೆ ನಗಬೇಡಿ, ಕುಣಿಯಲೂ ಬೇಡಿ. ಫ್ಯಾನ್ ಬಿಚ್ಚಿ ಓಡಿಸಿದ್ದಾರಾ ಅಂತ ಹುಡುಕಿ. ನಿಮ್ಮ ಈ ವಾರದ ಲ್ಯಾಬಿನಲ್ಲೂ ಒಂದು ರೀಡಿಂಗ್ ಹಾಗೆ ತಗೊಳ್ಳಿ, ಬಂದ ಸಂಖ್ಯೆಯನ್ನು ಬಂದ ಹಾಗೇ ಬರೀರಿ. ವಿಚಿತ್ರವಾದದ್ದೇನಾದ್ರೂ ಸಿಕ್ಕಿದ್ರೆ ಕನ್ನಡ ಸಂಘಕ್ಕೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದರ ಜೊತೆಗಾರನನ್ನು ಎಲ್ಲರೂ ಸೇರಿ ಹುಡುಕೋಣ.